ಪಂಪ್‌ಸೆಟ್ ಮನೆಯ ಕೌದಿಗಳು

ನಮ್ಮ ಮಾವನ ಎಡಗೈ ತೋರುಬೆರಳಿನ ತುದಿ ಜರಡಿಯಂತಿತ್ತು. ಚರ್ಮ ಗಟ್ಟಿಯಾಗಿ, ಅದರ ಮೇಲೆಲ್ಲ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಕಾಫಿ ಲೋಟ ಹಿಡಿಯುವಾಗಲೂ ಆ ಬೆರಳನ್ನು ಒಳಕ್ಕೆ ಮಡಚಿಕೊಳ್ಳುತ್ತಿದ್ದರು. ಮದುವೆಯಾಗಿ ಯಲಿಯೂರಿಗೆ ಬಂದ ಹೊಸದರಲ್ಲಿ ನಾನು ಒಮ್ಮೆ ಕೇಳಿದೆ. "ತಂತಿ ಬೇಲಿ ಕಣಮ್ಮ," ಅಂದು ಎದ್ದು ಹೋದರು.

ಆರಡಿ ಆಳು. ಮೀಸೆ ತುಟಿ ದಾಟಿ ಕೆನ್ನೆಗೆ ಬರುತ್ತಿತ್ತು. ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಸರ್ಕಾರಿ ಬಸ್ಸನ್ನು ಬಹುಕಾಲ ಓಡಿಸಿ ನಿವೃತ್ತರಾಗಿದ್ದರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದರೆ ಅವರ ಬಾಯಿಂದ ಬರುತ್ತಿದ್ದ ಮಾತನ್ನು ಊರಿನ ಹುಡುಗರು ಇನ್ನೂ ಅನುಕರಿಸುತ್ತಾರೆ. ಮನೆಯಲ್ಲಿ ಮಾತು ಕಡಿಮೆ. ಹಬ್ಬದ ದಿನ ಬಿಟ್ಟರೆ ಹೊತ್ತು ಕಳೆಯುತ್ತಿದ್ದದ್ದೆಲ್ಲ ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ.

ನಮ್ಮ ಅತ್ತೆಗೆ ಊರಿನಲ್ಲಿ ಒಂದು ಹೆಸರಿತ್ತು. ಕೌದಿ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು. ಹಳೆ ಸೀರೆ, ಪಂಚೆ, ಲಂಗದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಹಾಕಿದ ಹೊಲಿಗೆ. ಅವುಗಳ ವಿನ್ಯಾಸವೇ ಬೇರೆ. ಎತ್ತರದಲ್ಲಿ ಕೂತು ನೋಡಿದಂತೆ ಗದ್ದೆಯ ಪಟ್ಟಿಗಳು, ನಡುವೆ ನಾಲೆಯ ಹಾಗೆ ಒಂದು ನೀಲಿ ಸೀಳು, ಮೂಲೆಯಲ್ಲಿ ಕಬ್ಬಿನ ಹಸಿರು. ಕೌದಿಯಷ್ಟೇ ಅಲ್ಲ, ಕೂಸುಗಳಿಗೆ ಕುಲಾವಿ, ತೊಟ್ಟಿಲಿಗೆ ಕಟ್ಟುವ ಬಟ್ಟೆ ಗಿಳಿ, ಮುದುಕಿಯರಿಗೆ ಎಲೆಅಡಿಕೆ ಚೀಲ. ಮಾರಿದ್ದಿಲ್ಲ, ಎಲ್ಲವೂ ಯಾರಿಗಾದರೂ ಕೊಟ್ಟದ್ದೇ. ಹೊಗಳಿದರೆ ಅತ್ತೆ "ಊಂ ಬುಡವ್ವ" ಅಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ವಿನಯ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದರು. ಬಿಸಿಲು ಜೋರಾಗಿತ್ತು ಎಂದು ಮಾವನಿಗೆ ಮಜ್ಜಿಗೆ ತೆಗೆದುಕೊಂಡು ನಾನೇ ಗದ್ದೆಗೆ ಹೋದೆ. ಪಂಪ್‌ಸೆಟ್ ಮನೆಯ ಬಾಗಿಲು ಓರೆಯಾಗಿತ್ತು. ಒಳಗೆ ಗೊಬ್ಬರದ ಚೀಲಗಳ ಮೇಲೆ ಕೌದಿ ಹರಡಿಕೊಂಡು, ಕನ್ನಡಕ ಮೂಗಿಗೆ ಇಳಿಸಿ, ಹಲ್ಲಿನಲ್ಲಿ ದಾರ ಕಡಿಯುತ್ತಿದ್ದ ಮಾವ ನನ್ನನ್ನು ಕಂಡರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಕೌದಿಯನ್ನು ಬಾಚಿ ತೊಡೆಯ ಕೆಳಗೆ ತುರುಕಿಕೊಂಡರು. ಅಷ್ಟು ದೊಡ್ಡ ಬಟ್ಟೆ ಎಲ್ಲಿ ಮುಚ್ಚೀತು? ಎರಡು ಕಡೆಯೂ ಹೊರಗೆ ಚೆಲ್ಲಿತ್ತು. ಅವರ ಕಿವಿ ಕೆಂಪಾಗಿತ್ತು.

"ಯಾರ್ಗೂ ಏಳ್ಬೇಡ ಕಣಮ್ಮ," ಅಂದರು. "ನಿನ್ ಗಂಡಂಗೂವೆ."

ಮಜ್ಜಿಗೆ ಇಟ್ಟು ಬಂದೆ. ಸಂಜೆ ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬೆರಣಿ ಜೋಡಿಸುತ್ತ, ನನ್ನ ಕಡೆ ತಿರುಗದೆ ಹೇಳಿದರು. ಮಾವ ಚಿಕ್ಕವರಿದ್ದಾಗ ತಾಯಿಯ ಪಕ್ಕ ಕೂತು ಕೌದಿ ಹೊಲಿಯುವುದನ್ನು ಕಲಿತಿದ್ದರಂತೆ. ಒಂದು ದಿನ ಅವರ ಅಪ್ಪ ನೋಡಿಬಿಟ್ಟ. ಹೊಡೆಯಲಿಲ್ಲ. ಹೆಂಡತಿಯ ಸೀರೆಯನ್ನೇ ಹುಡುಗನಿಗೆ ಸುತ್ತಿ, ಅರಳಿಕಟ್ಟೆಯವರೆಗೆ ಬೀದಿಯಲ್ಲಿ ನಡೆಸಿಕೊಂಡು ಹೋದ. ಜನ ನಕ್ಕರು. "ಅವತ್ತು ಉಚ್ಚೆ ಉಯ್ಕೊಂಡ್ರಂತೆ," ಅಂದರು ಅತ್ತೆ. "ನಾ ಮದ್ವೆ ಆಗ್ ಬಂದಾಗ ಕದ್ದು ಒಲೀತಿದ್ರು. ಬುಡಕ್ಕೂ ಆಗ್ದು, ತೋರ್ಸಕ್ಕೂ ಆಗ್ದು. ನಂದು ಅಂತ ಏಳ್ಬುಡಿ ಅಂದೆ. ನಂಗೆ ಸೂಜಿಗೆ ದಾರ ಪೋಣ್ಸಕ್ಕೂ ಬರಕ್ಕಿಲ್ಲ."

ಹೀಗೆ ನಾನೂ ಆ ಸುಳ್ಳಿನೊಳಗೆ ಸೇರಿಕೊಂಡೆ. ಕೆಲವು ಮಧ್ಯಾಹ್ನ ಪಂಪ್‌ಸೆಟ್ ಮನೆಯಲ್ಲಿ ಅವರ ಪಕ್ಕ ಕೂರುತ್ತಿದ್ದೆ. ಬಣ್ಣದ ತುಂಡುಗಳನ್ನು ನೆಲದ ಮೇಲೆ ಹರಡಿ, ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಟ್ಟು, ದೂರ ಸರಿದು ನೋಡುವಾಗ ಅವರ ಮುಖ ನಾನು ಮನೆಯಲ್ಲಿ ಎಂದೂ ಕಾಣದ ಮುಖ. "ಬಟ್ಟೇನ ಎಳೀಬಾರ್ದು ಕಣಮ್ಮ. ಅದು ಬಂದಂಗೆ ನಾವು ಓಗ್ಬೇಕು," ಅನ್ನುತ್ತಿದ್ದರು. ಹೊರಗೆ ಬೈಕಿನ ಸದ್ದಾದರೆ ಆ ಮುಖ ಥಟ್ಟನೆ ಮುಚ್ಚಿಕೊಳ್ಳುತ್ತಿತ್ತು.

ಮಂಡ್ಯದಲ್ಲಿರುವ ನನ್ನ ನಾದಿನಿಗೆ ಈ ಸಂಗತಿ ಗೊತ್ತಿರಲಿಲ್ಲ. ತನ್ನ ಬೀದಿಯ ಮಹಿಳಾ ಸಂಘದಲ್ಲಿ ಅಮ್ಮನ ಕೌದಿ ತೋರಿಸಿ ಅವಳು ಹೆಮ್ಮೆಪಟ್ಟಿದ್ದಳು. ಸಂಘದವರಿಗೂ ಕಲಿಯುವ ಆಸೆ ಬಂತು. "ಅಮ್ಮ ಒಂದು ದಿನ ಬಂದು ತೋರಿಸಿಕೊಡಲಿ," ಎಂದು ಫೋನು ಮಾಡಿದಳು. ಅತ್ತೆ ಮಂಡಿನೋವು ಅಂದರು, ಹಸು ಕರು ಹಾಕುತ್ತದೆ ಅಂದರು. ಕೊನೆಗೆ ಅವಳು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದಳು. ಅತ್ತೆ ಮಾವನ ಮುಖ ನೋಡಿದರು. ಮಾವ ಕೌದಿಗಳ ಗಂಟನ್ನು ಹೆಗಲ ಮೇಲೆ ಹೊತ್ತುಕೊಂಡು ಕಾರು ಹತ್ತಿದರು. ನಾನೂ ಜೊತೆಗೆ ಹೊರಟೆ.

ಸಂಘದ ಕೋಣೆಯಲ್ಲಿ ಜಮಖಾನದ ಮೇಲೆ ಹೆಂಗಸರು ತುಂಬಿದ್ದರು. ಅತ್ತೆಯನ್ನು ನಡುವೆ ಕೂರಿಸಿದರು. ಯಾರೋ ಮೂಲೆ ತಿರುಗಿಸುವುದು ಹೇಗೆ ಎಂದು ಕೇಳಿದರು. "ಈಗ ಕಣ್ಣು ಕಾಣಕ್ಕಿಲ್ಲ ಕಣ್ರವ್ವ," ಅಂದರು ಅತ್ತೆ. ಹೆಂಗಸರು ದಾರ ಪೋಣಿಸಿದ ಸೂಜಿಯನ್ನೇ ಅವರ ಕೈಗೆ ಕೊಟ್ಟರು. ಅತ್ತೆ ಬಟ್ಟೆಗೆ ಚುಚ್ಚಿದರು, ಎಳೆದರು. ದಾರ ಪೂರ್ತಿ ಹೊರಗೆ ಬಂದು ಕೈಯಲ್ಲಿ ಜೋತಾಡಿತು.

"ಅಮ್ಮ, ಗಂಟೇ ಹಾಕಿಲ್ವಲ್ಲ," ಎಂದು ಒಬ್ಬ ಹುಡುಗಿ ನಕ್ಕಳು. ಇನ್ನೊಂದು ಸಲ ಚುಚ್ಚಿದರು. ಅದೂ ಕಳಚಿ ಬಂತು. ನನ್ನ ಹಿಂದೆ ಯಾರೋ ಪಿಸುಗುಟ್ಟಿದರು, "ಯಾರತ್ರನೋ ಒಲಿಸ್ಕೊಂಡು ತನ್ನದು ಅಂತಾರೆ." ಅದು ಕೋಣೆಗೆಲ್ಲ ಕೇಳಿಸಿತು. ನಾದಿನಿ ತಲೆ ತಗ್ಗಿಸಿದಳು.

ನಾನು ಬಾಗಿಲ ಕಡೆ ನೋಡಿದೆ. ಮಾವ ಹೊಸ್ತಿಲ ಮೇಲೆ ನಿಂತಿದ್ದರು. ಒಂದು ಹೆಜ್ಜೆ ಒಳಗಿಟ್ಟರು. ತುಟಿ ಅಲುಗಿತು. ಅಷ್ಟೂ ಹೆಂಗಸರು ಒಮ್ಮೆಲೇ ಅವರ ಕಡೆ ತಿರುಗಿದರು. ಮಾವ ಹಿಂದೆ ಸರಿದು, ಮೆಟ್ಟು ಹಾಕಿಕೊಂಡು ಹೊರಟುಹೋದರು. ನಾನಾದರೂ ಬಾಯಿ ಬಿಡಬಹುದಿತ್ತು. ಕೊಟ್ಟ ಮಾತು ನೆನಪಾಯಿತೋ, ಧೈರ್ಯ ಸಾಲದಾಯಿತೋ, ಸುಮ್ಮನೆ ಕೂತಿದ್ದೆ. ಅತ್ತೆ ಸೂಜಿಯನ್ನು ಮೆಲ್ಲಗೆ ಜಮಖಾನದ ಮೇಲಿಟ್ಟು, "ಮರ್ತೋಯ್ತು ಕಣ್ರವ್ವ, ತೆಪ್ಪಾಯ್ತು," ಎಂದು ಎಲ್ಲರಿಗೂ ಕೈಮುಗಿದರು.

ಮಾವ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಸಿಕ್ಕರು. ಯಲಿಯೂರಿಗೆ ರೈಲಿನಲ್ಲೇ ಬಂದೆವು. ಅತ್ತೆ ಅವರ ಪಕ್ಕ ಕೂರಲಿಲ್ಲ.

ಮನೆಗೆ ಬಂದು ಅತ್ತೆ ಎಂದಿನಂತೆ ಮುದ್ದೆ ತಿರುವಿದರು, ತಟ್ಟೆಗೆ ಹಾಕಿದರು. ಮಾವ ಕೈಯಿಡಲಿಲ್ಲ. ಆಗ ಅತ್ತೆ ಹೇಳಿದ ಮಾತು ನಾನು ಸಾಯುವವರೆಗೂ ಮರೆಯಲಾರೆ. ಅವರು ಗಂಡನನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಿಮ್ಮಪ್ಪ ನಿನ್ನ ಬೀದೀಲಿ ನಡಿಸ್ದ. ಇವತ್ತು ನೀನು ನನ್ನ ನಡಿಸ್ದೆ."

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತು. ಊರೆಲ್ಲ ಕ್ಯಾನು ಹಿಡಿದು ನಮ್ಮ ಮನೆಯ ಮುಂದೆಯೇ ಹಾದುಹೋಗಬೇಕು. ಮಾವ ಗದ್ದೆಯಿಂದ ಅರ್ಧ ಹೊಲಿದ ಕೌದಿ ತಂದು ಜಗುಲಿಯ ಮೇಲೆ ಹರಡಿದರು. ಕನ್ನಡಕ ಹಾಕಿಕೊಂಡು ತಲೆ ಬಗ್ಗಿಸಿ ಹೊಲಿಯತೊಡಗಿದರು. ಬೀದಿಯ ಮಾತು ಒಂದೊಂದಾಗಿ ನಿಂತಿತು. ಅವರ ಓರಗೆಯ ಒಬ್ಬರು ಕ್ಯಾನು ಕೆಳಗಿಟ್ಟು ಕೇಳಿದರು, "ಏನ್ಲಾ ಇದು, ಎಂಗಸ್ರ ಕೆಲ್ಸ ಇಡ್ಕಂಡ್ ಕೂತಿದ್ದೀಯ?"

"ನಂದೇ ಕೆಲ್ಸ ಕಣ್ಲಾ," ಅಂದರು ಮಾವ, ತಲೆ ಎತ್ತದೆ. "ಮೊದ್ಲಿಂದ್ಲೂ ನಂದೇಯ. ಇವ್ಳು ನನ್ ಮಾನ ಕಾಯಕ್ಕೆ ಸುಳ್ಳೇಳವ್ಳೆ."

ಒಬ್ಬಿಬ್ಬರು ನಕ್ಕರು. ಮಾವ ಎದ್ದು ಹೋಗಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದು ಬಿಳಿ ಪಂಚೆಯ ತುಂಡಿಗೆ ಅಂಟಿತು, ಹಾಗೇ ಹೊಲಿದರು. ಒಳಗೆ ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಆಮೇಲೆ ಮಾವ ಮಗಳಿಗೂ ತಾವೇ ಫೋನು ಮಾಡಿ ಹೇಳಿದರು. ಅವಳು, "ಅಮ್ಮನಿಗೆ ಫೋನು ಕೊಡಿ," ಅಂದಳು.

ಅಂದಿನಿಂದ ಮಾವನ ನಾಚಿಕೆ ಹೋಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಆಮೇಲೂ ವರ್ಷಗಟ್ಟಲೆ ಜಗುಲಿಯ ಮೇಲೆ ಕೂತು ಹೊಲಿದರು. ನನ್ನ ಮಗಳಿಗೆ ಹೊದಿಸಿದ ಮೊದಲ ಬಟ್ಟೆ ಅವರದೇ. ಆದರೆ ಬೀದಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವರ ಕೈ ಬಟ್ಟೆಯನ್ನು ಬಾಚಲು ಮುಂದಾಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಅದನ್ನು ನೋಡಿ ನಾನು ಒಳಗೆ ಹೋಗಿಬಿಡುತ್ತಿದ್ದೆ. ಅತ್ತೆ ಮಾತ್ರ ಕೆಲಸ ಬಿಟ್ಟು ಬಂದು ಅವರ ಪಕ್ಕ ಕೂರುತ್ತಿದ್ದರು, ಸೊಪ್ಪು ಸೋಸುವ ನೆಪದಲ್ಲಿ.

ಹೋದ ವರ್ಷ ಬೇಸಿಗೆಯಲ್ಲಿ, ಊಟ ಮಾಡಿ ಮಲಗಿದ ಮಾವ ಏಳಲಿಲ್ಲ. ತಿಥಿಯ ದಿನ ಮಳವಳ್ಳಿ ಕಡೆಯಿಂದ ಅವರ ಜೊತೆ ಬಸ್ಸು ಓಡಿಸಿದ್ದ ಹಳಬರು ಬಂದಿದ್ದರು. ಊಟವಾದ ಮೇಲೆ ಒಬ್ಬ ಮುದುಕರು ಅತ್ತೆಯ ಮುಂದೆ ಕೂತು, ಡ್ರೈವರ್ ಸೀಟಿಗೆ ಮಾವ ಕೊಟ್ಟಿದ್ದ ಕೌದಿಯ ಮೆತ್ತೆಯ ಬಗ್ಗೆ ಹೇಳತೊಡಗಿದರು. ಡಿಪೋದಲ್ಲಿ ಅದಿಲ್ಲದ ಡ್ರೈವರೇ ಇರಲಿಲ್ಲವಂತೆ.

"ನಮ್ ಎಂಡ್ರು ಒಲ್ದದ್ದು ಅಂತಿದ್ದ," ಎಂದು ಮುದುಕರು ಮೆಲ್ಲಗೆ ನಕ್ಕರು. "ಅವ್ನೇ ಒಲಿಯೋದು ಅಂತ ನಮ್ಗೆಲ್ಲಾ ಗೊತ್ತಿತ್ತು ಕಣಮ್ಮ. ಬಸ್ಸು ನಿಂತಾಗ ಇಂದ್ಲ ಸೀಟಲ್ಲಿ ಕೂತು ಒಲಿಯೋದ್ನ ಕನ್ನಡೀಲಿ ಎಷ್ಟೋ ಸಲ ನೋಡಿದ್ವಿ. ನಾಚ್ಕೋತಾನೆ ಅಂತ ಯಾರೂ ಬಾಯ್ ಬುಡ್ನಿಲ್ಲ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅಂದರು:

"ಅವ್ರಿಗೆ ಏಳ್ಬೇಕಾಗಿತ್ತು ಕಣಪ್ಪ ನೀವು."

ಮುದುಕರು ನೆಲ ನೋಡಿದರು. ನಾನೂ ನೋಡಿದೆ.