ಅಡ್ಡಹೆಸರು ಬೀಳದವರು

ಎಣಿಸುವುದು ನನ್ನ ಚಟ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬೆಳಗಿನ ರೈಲಿನಲ್ಲಿ ಎಷ್ಟು ಜನ ತೂಕಡಿಸಿದರು, ಎಷ್ಟು ಜನ ಅವರಿಗೆ ಹೆಗಲು ಕೊಟ್ಟರು ಎಂಬುದನ್ನೂ ತಾರೀಖು ಹಾಕಿ ಬರೆದಿಟ್ಟವನು ನಾನು. ಇದರಿಂದ ಯಾರಿಗೇನು ಲಾಭವೆಂದು ಅಮ್ಮ ಕೇಳುತ್ತಿದ್ದಳು. ಆಣೆ ಹೋಗಿ ನಯಾಪೈಸೆ ಬಂದ ವರ್ಷ ಉತ್ತರ ಸಿಕ್ಕಿತು.

ಆಗ ನಾನು ಭದ್ರಾವತಿಯ ಸಣ್ಣದೊಂದು ಎರಕದ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತ. ಅಲ್ಲಿ ಹೊಸಬರು ನಿಲ್ಲುತ್ತಲೇ ಇರಲಿಲ್ಲ. ಹೀಗೇ ಆದರೆ ದೀಪಾವಳಿಗೆ ಎರಕಕ್ಕೆ ಮರಳಿನ ಅಚ್ಚು ಕಟ್ಟುವ ವಿಭಾಗವನ್ನು ಮುಚ್ಚಿ ಕೆಲಸವನ್ನು ಗುತ್ತಿಗೆಗೆ ಕೊಡುತ್ತೇನೆಂದು ಮ್ಯಾನೇಜರು ಹೇಳಿಬಿಟ್ಟರು. ವಿಭಾಗದ ಮೇಸ್ತ್ರಿ ಬಷೀರ್ ಸಾಬರಿಗೆ ಊಟ ಸೇರದಾಯಿತು.

"ಎಲ್ಲಾದಕ್ಕೂ ಲೆಕ್ಕ ಇಡ್ತೀರಲ್ಲ ಸ್ವಾಮಿ, ಇವರು ಯಾಕೆ ಓಡ್ತಾರೆ ಅಂತ ಹೇಳಿ ನೋಡೋಣ!" ಎಂದರು ನನಗೆ.

ಬಿಟ್ಟವರನ್ನು ಒಂದು ಕಡೆ, ಉಳಿದವರನ್ನು ಇನ್ನೊಂದು ಕಡೆ ಬರೆದೆ. ಊರು ನೋಡಿದರೆ, ಹೊಳೆಹೊನ್ನೂರಿನವರು ಎರಡೂ ಕಡೆ ಇದ್ದರು. ವಯಸ್ಸು, ಸಂಬಳ, ಭಾಷೆ, ಯಾವುದೂ ತಾಳೆಯಾಗಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ತರ್ಕಶಾಸ್ತ್ರ ಹೇಳುತ್ತದೆ; ನನಗೆ ಸಿಕ್ಕಿದ್ದು ಬರೀ ಹೊಗೆ. ಸೋತು, ಹೆಸರುಗಳನ್ನು ಸಾಬರಿಗೆ ಓದಿ ಹೇಳಿದೆ. ಉಳಿದವರ ಹೆಸರು ಬಂದಾಗಲೆಲ್ಲ "ಓ, ನಮ್ಮ ಉಪ್ಪಿನಕಾಯಿ!", "ಓ, ಕಲೆಕ್ಟರು!" ಎಂದು ನಗುತ್ತಿದ್ದರು. ಬಿಟ್ಟವರ ಹೆಸರಿಗೆ, "ಯಾರೋ ಏನೋ."

ಪೆನ್ಸಿಲ್ ನಿಂತಿತು. ಅಡ್ಡಹೆಸರು ಬಿದ್ದವನೊಬ್ಬನೂ ಕೆಲಸ ಬಿಟ್ಟಿರಲಿಲ್ಲ!

ಇದನ್ನು ಹೇಳಿದಾಗ ಮ್ಯಾನೇಜರು ನಕ್ಕರು, ಆದರೆ ಪ್ರತಿ ಹೊಸಬನಿಗೂ ವಾರದೊಳಗೆ ಅಡ್ಡಹೆಸರಿಡಬೇಕೆಂದು ನೋಟೀಸು ಅಂಟಿಸಿದರು. ಆಜ್ಞೆಯಿಂದ ಹುಟ್ಟಿದ ಹೆಸರುಗಳು ಎರಡು ದಿನವೂ ಬಾಳಲಿಲ್ಲ.

"ಮುಖಾನೇ ನೋಡದವನಿಗೆ ಏನಂತ ಹೆಸರಿಡೋದು ಸ್ವಾಮಿ?" ಎಂದರು ಸಾಬರು. ನಿಜ. ಹೊಸಬರು ಮೊದಲ ಮೂರು ತಿಂಗಳು ಹೊರಗೆ ಅಂಗಳದಲ್ಲಿ ಒಬ್ಬೊಬ್ಬರೇ ಮರಳು ಜರಡಿ ಹಿಡಿಯುವುದು ಅಲ್ಲಿನ ವಾಡಿಕೆ. ಸಾಬರು ಅಂದೇ ಜರಡಿಗಳನ್ನು ಒಳಗೆ, ಅಚ್ಚುಗಳ ಪಕ್ಕಕ್ಕೆ ತರಿಸಿದರು.

ಹೊಸಬ ರಂಗಸ್ವಾಮಿ ಜರಡಿ ಹಿಡಿಯುತ್ತಾ ಸೀನಿದ ರಭಸಕ್ಕೆ ಪಕ್ಕದಲ್ಲಿದ್ದ ಹಳಬ ಮುರುಗೇಶನ ಮರಳಿನ ಅಚ್ಚು ಕುಸಿದುಬಿತ್ತು. "ಏಯ್ ಸೈರನ್! ಮೂಗು ಆ ಕಡೆ ತಿರುಗಿಸೋ!" ಎಂದು ಮುರುಗೇಶ ಕೂಗಿದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಸೈರನ್ನೂ ನಕ್ಕ.

ದೀಪಾವಳಿ ಬಂತು. ಅಷ್ಟರಲ್ಲಿ ಹೊಸಬರಿಗೆಲ್ಲ ತಾನಾಗಿಯೇ ಹೆಸರು ಬಿದ್ದಿತ್ತು; ಜರಡಿಗಳು ಒಳಗೆ ಬಂದ ಮೇಲೆ ಒಬ್ಬನೂ ಬಿಟ್ಟಿರಲಿಲ್ಲ, ವಿಭಾಗ ಉಳಿಯಿತು. ಇದೆಲ್ಲ ತಮ್ಮ ನೋಟೀಸಿನ ಫಲವೆಂದು ಮ್ಯಾನೇಜರು ವರದಿ ಬರೆದುಕೊಂಡರು. ಶೆಡ್ಡಿನಲ್ಲಿ ಜಿಲೇಬಿ ಹಂಚುತ್ತಿದ್ದ ಸಾಬರು, "ಏಯ್, ನಮ್ಮ ಪಂಚಾಂಗಕ್ಕೂ ಎರಡು ಕೊಡ್ರೋ!" ಎಂದರು. ಎಲ್ಲರೂ ನನ್ನತ್ತ ತಿರುಗಿದಾಗಲೇ ಅದು ಯಾರೆಂದು ತಿಳಿದದ್ದು.

ಶಿವಮೊಗ್ಗದ ಕಚೇರಿಯೊಂದರ ಕೆಲಸಕ್ಕೆ ನಾನು ಗುಟ್ಟಾಗಿ ಅರ್ಜಿ ಹಾಕಿದ್ದೆ. ಮರುದಿನವೇ ಹಿಂದಕ್ಕೆ ಪಡೆದೆ. ನನ್ನ ಲೆಕ್ಕವನ್ನು ನಾನೇ ಸುಳ್ಳು ಮಾಡಲಾದೀತೆ?