ಅಕ್ಕನ ಉಬ್ಬಸ ಮೈಸೂರು ಸೇರಿದ ದಿನ

ಪಿರಿಯಾಪಟ್ಟಣದಲ್ಲಿ ಹುಣಸೂರಿನ ಬಸ್ಸು ಹತ್ತುವಾಗಲೇ ಜಯಕ್ಕ ಕಂಬಿ ಹಿಡಿದು ನಿಂತುಬಿಟ್ಟಳು. ಅವಳು ನನ್ನ ವಾರಗಿತ್ತಿ, ನಲವತ್ತು ದಾಟಿದವಳು. ಜಡಿಮಳೆ ಹಿಡಿದಿತ್ತು. ಹೆಂಗಸರಿಗೆ ಟಿಕೆಟ್ ಉಚಿತ. ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಲು ಕೈ ಎತ್ತಿದ್ದಕ್ಕೇ ಅವಳಿಗೆ ಏದುಸಿರು ಬಂತು.

ಬಹಳ ದಿನದಿಂದ ಹೀಗೆಯೇ ಇತ್ತು. ಮೊದಲು ಗ್ಯಾಸ್ ಎಂದು ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿದಳು. ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸುವ ಬ್ಯಾರನ್ ಮನೆಯ ಹೊಗೆ ಒಗ್ಗುತ್ತಿಲ್ಲವೆಂದು ಒಬ್ಬ ಡಾಕ್ಟರು ಉಬ್ಬಸಕ್ಕೆ ಔಷಧಿ ಬರೆದರು. ರಕ್ತ ಕಡಿಮೆಯೆಂದು ಇನ್ನೊಬ್ಬರು ಟಾನಿಕ್ ಕೊಟ್ಟರು. ಕೊನೆಗೆ ಪಾದ ಊದಿಕೊಂಡು, ಮಲಗಿದರೆ ಉಸಿರು ಕಟ್ಟಿ, ಗೋಡೆಗೆ ಒರಗಿಯೇ ನಿದ್ದೆ ಮಾಡುವಂತಾದಾಗ ನಾನೇ ಹಟ ಮಾಡಿ ಹೊರಡಿಸಿದೆ.

ಹುಣಸೂರಿನಲ್ಲಿ ಇಸಿಜಿ ತೆಗೆದ ಡಾಕ್ಟರು, "ಇದು ಹಾರ್ಟಿನ ತೊಂದರೆ. ಇವತ್ತೇ ಮೈಸೂರಿಗೆ ಕರ್ಕೊಂಡೋಗಿ" ಎಂದರು.

"ನಡಿ, ಊರ್ಗೋಗಾನ. ಬ್ಯಾರನ್‌ಗೆ ಬೆಂಕಿ ಆಕವ್ರೆ, ಸೌದೆ ನೋಡ್ಕಳೋರ್ ಯಾರು?" ಎಂದಳು ಅಕ್ಕ.

"ಬಾವ ನೋಡ್ಕತರೆ, ಬಾ ಅಕ್ಕ."

ಮೈಸೂರಿನ ಬಸ್ಸು ಬಿಳಿಕೆರೆ ಹತ್ತಿರ ಬಂದಾಗ ಅವಳು ಕಿಟಕಿಯಾಚೆ ಬಗ್ಗಿ ವಾಂತಿ ಮಾಡಿಕೊಂಡಳು. ಪಕ್ಕದಲ್ಲಿದ್ದ ಹೆಗ್ಗಡದೇವನಕೋಟೆ ಕಡೆಯ ಹೆಂಗಸು ನೀರಿನ ಬಾಟಲಿ ಕೊಟ್ಟಳು. "ನಮ್ಮೆಜಮಾನ್ರಿಗೂ ಗ್ಯಾಸ್ ಅಂತ್ಲೇ ಅಂದಿದ್ರು ಕಣವ್ವ" ಎಂದಳು. ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ. ಅವಳ ಬರಿಗೊರಳು ಕಾಣುತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಎಕೋ ಮಾಡಿದ ಡಾಕ್ಟರಮ್ಮ, ಚಿಕ್ಕಂದಿನಲ್ಲಿ ಜ್ವರ ಬಂದು ಕೀಲು ಊದಿತ್ತೇ ಎಂದು ಕೇಳಿದರು.

"ಬಂದಿತ್ತು ಕಣವ್ವ. ಆಟ ಆಡಿ ನೋಯ್ತದೆ ಅಂತ ನಮ್ಮವ್ವ ಅಳ್ಳೆಣ್ಣೆ ತಿಕ್ಕಿದ್ಲು" ಎಂದು ಅಕ್ಕ ನಕ್ಕಳು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಆ ಜ್ವರವೇ ಆಗ ಹೃದಯದ ಕವಾಟವನ್ನು ಕೆಡಿಸಿತ್ತು. ಕೆಲವು ವರ್ಷದ ಹಿಂದೆ ಬಂದಿದ್ದರೆ ಸರಿಮಾಡಬಹುದಿತ್ತು, ಈಗ ಹೃದಯ ಸೋತುಹೋಗಿದೆ, ಆಪರೇಷನ್ ತಡೆದುಕೊಳ್ಳುವುದಿಲ್ಲ ಎಂದರು. ಎರಡು ದಿನ ಅಡ್ಮಿಟ್ ಮಾಡಿ ಮೈಯಲ್ಲಿ ತುಂಬಿದ್ದ ನೀರು ಇಳಿಸಿದರು. ಉಸಿರು ಸ್ವಲ್ಪ ಹಗುರಾದ ಮೇಲೆ ಮಾತ್ರೆ ಬರೆದುಕೊಟ್ಟು ಕಳಿಸಿದರು.

ವಾಪಸ್ ಬರುವಾಗ ಮಳೆ ಬಿಟ್ಟಿತ್ತು. ಅಕ್ಕ ದಾರಿಯುದ್ದಕ್ಕೂ ಮಾತಾಡಿದಳು. "ಏನ್ ಕಾಯ್ಲೆ ಅಂತ ಗೊತ್ತಾಯ್ತಲ್ಲ, ಇನ್ನ ಭಯ ಇಲ್ಲ ಬುಡು" ಎಂದಳು. ನಾನು ಹೊಲಗಳನ್ನೇ ನೋಡುತ್ತ ಕುಳಿತಿದ್ದೆ.

ನಮ್ಮೂರ ಗೇಟಿನ ಬಸ್ ಸ್ಟಾಪಿನಲ್ಲಿ ಅಕ್ಕನ ಗಂಡ, ನನ್ನ ಬಾವ, ಕಾಯುತ್ತಿದ್ದರು.

"ಹಾರ್ಟಂತೆ. ಮಾತ್ರೆ ಕೊಟ್ಟವ್ರೆ, ವಾಸಿ ಆಯ್ತದಂತೆ" ಎಂದು ಅವಳೇ ಹೇಳಿದಳು.

ಬಾವ ನನ್ನ ಮುಖ ನೋಡಿದರು. "ದಿಟವೇನಮ್ಮ?"

ಅಕ್ಕನೂ ನನ್ನತ್ತ ತಿರುಗಿದಳು. "ಹೂಂ ಬಾವ" ಎಂದೆ.