ಒಲ್ಲೆ ಅಂದವರಿಗೂ ಅದೇ ಸೂಜಿ

ಕನ್ನಡಕ ಕೂತು ಕೂತು ಡಾಕ್ಟರಬಾಯಿಯ ಮೂಗಿನ ಎರಡೂ ಬದಿಗೆ ಕೆಂಪು ಗುಳಿ ಬಿದ್ದಿದ್ದವು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಆ ಕಡೆ ಕರಿ ಉಣ್ಣೆಯ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ದಾರ ನಾನು ನೂತದ್ದು. ಸಾಂಗಲಿಗೆ ಹೋದಾಗ ಹೊಸದು ತರಬಾರದೇ ಎಂದು ಬೈದರೆ, ಕಾಣಿಸುತ್ತದಲ್ಲ ಎನ್ನುತ್ತಿದ್ದರು. ನೋಡಲು ಚೆಂದದ ಹೆಂಗಸೂ ಅಲ್ಲ, ಮಾತಿನಲ್ಲಿ ಸಕ್ಕರೆಯೂ ಇಲ್ಲ. ಅದಕ್ಕೇ ನನಗೂ ಅವರಿಗೂ ಹೊಂದಿತು.

ಅವರು ಸಾತಾರದ ಕಡೆಯ ಮರಾಠಿಯವರು. ಜತ್ತ ತಾಲೂಕಿನ ದವಾಖಾನೆಗೆ ಬಂದ ಮೇಲೆ ಕನ್ನಡ ಕಲಿತರು. ತಿಕೋಂಡಿಯ ನಮ್ಮ ಮನೆಗೆ ಮೊದಲು ಬಂದದ್ದು ನನ್ನ ಭಾವನ ಜ್ವರ ನೋಡಲು. ಕುರಿಯವರಿಗೆ ಬರುವ ಜ್ವರ ಅದು. ಸಂಜೆ ಏರುತ್ತದೆ, ಬೆವರು ಬಿಟ್ಟು ಇಳಿಯುತ್ತದೆ, ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಕೀಲು ಹಿಡಿಯುತ್ತದೆ. ಭಾವನ ಸೊಂಟ ಅದಕ್ಕೇ ಬಾಗಿತ್ತು. ಹಸಿ ಹಾಲು ಕುಡಿಯಬೇಡಿ, ಕುದಿಸಿ ಕುಡಿಯಿರಿ ಎಂದು ಡಾಕ್ಟರಬಾಯಿ ಹೇಳಿದಾಗ ಮನೆಯವರೆಲ್ಲ "ಹೂಂರಿ" ಅಂದರು. ನಾನು ಅನ್ನಲಿಲ್ಲ.

"ಮನ್ಯಾಗ ಕುದಸ್ತೀವ್ರಿ. ಅಡವ್ಯಾಗ ಕುರಿ ಹಿಂದ ಹೋದಾವರು ಒಲಿ ತಲಿಮ್ಯಾಲ ಹೊತ್ಕೊಂಡು ಹೋಗ್ತಾರೇನ್ರಿ? ಕುದಸಂಗಿಲ್ಲ."

ಭಾವ ನನ್ನತ್ತ ಕಣ್ಣು ಬಿಟ್ಟರು. ಅಲ್ಲಿಯವರೆಗೆ ಕಂಬಳಿಯ ಅಂಚಿನಲ್ಲಿ ಕೂತಿದ್ದ ಡಾಕ್ಟರಬಾಯಿ ಒಳಗೆ ಸರಿದು ಕಾಲು ಮಡಚಿ ಕೂತರು.

ಈ ಜ್ವರಕ್ಕೆ ಗುಳಿಗೆಯ ಜೊತೆ ದಿನಾ ಸೂಜಿ ಬೇಕು, ವಾರಗಟ್ಟಲೆ. ಮೇವು ಮುಗಿದರೆ ಕುರಿದಡ್ಡಿ ಕಿತ್ತು ಮುಂದೆ ಹೋಗುವವರು ಸೂಜಿಗೆಂದು ನಿಲ್ಲುವುದಿಲ್ಲ. ಅರ್ಧಕ್ಕೆ ಬಿಟ್ಟ ಜ್ವರ ಮರಳಿ ಬರುತ್ತದೆ. ಕಡಿಮೆ ದಿನ ಸೂಜಿ ಕೊಟ್ಟರೂ ಸಾಲುತ್ತದೆಯೇ ಎಂದು ನೋಡಬೇಕೆಂಬುದು ಅವರ ಹಟ. ಅರ್ಧ ಮಂದಿಗೆ ಹಳೆಯ ಪದ್ಧತಿ, ಅರ್ಧ ಮಂದಿಗೆ ಹೊಸದು. ಯಾರಿಗೆ ಯಾವುದು ಎಂದು ಚೀಟಿ ಎತ್ತುವುದು. ರಕ್ತ ತಪಾಸಣೆ, ನರ್ಸು, ದಡ್ಡಿಯಿಂದ ದಡ್ಡಿಗೆ ತಿರುಗುವ ಗಾಡಿ, ಎಲ್ಲಕ್ಕೂ ಅನುದಾನ ಬೇಕು. ಅನುದಾನಕ್ಕೆ ಪ್ರಸ್ತಾವ ಬರೆಯಬೇಕು. ಒಮ್ಮೆ ಬರೆದು ಕಳಿಸಿದ್ದು ತಿರುಗಿ ಬಂದಿತ್ತು. ಓದುಬರಹ ಇಲ್ಲದ ಮಂದಿ ಡಾಕ್ಟರಿಗೆ ಇಲ್ಲ ಅನ್ನಲಾರರು, ಅವರ ಒಪ್ಪಿಗೆಯನ್ನು ನಂಬುವುದು ಹೇಗೆ ಎಂದು ಕೇಳಿದ್ದರಂತೆ. ಡಾಕ್ಟರಬಾಯಿಗೆ ನಿವೃತ್ತಿ ಹತ್ತಿರ ಬಂದಿತ್ತು. ಇನ್ನೊಮ್ಮೆ ತಿರುಗಿ ಬಂದರೆ ಮುಗಿಯಿತು. ಭಾವನಂಥವರ ಸೊಂಟ ಬಾಗುತ್ತಲೇ ಇರುತ್ತದೆ.

ಹಾಗಾಗಿ ಭಾನುವಾರ ಕಾಗದ ಹಿಡಿದು ನಮ್ಮ ಕಟ್ಟೆಗೆ ಬರತೊಡಗಿದರು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರು ಕನ್ನಡದಲ್ಲಿ ಹೇಳುವರು, ನಾನು ಜೋಳ ಹಸನು ಮಾಡುತ್ತ ಕೇಳುವೆ. ಹೇಳಲು ತಡವರಿಸಿದ ಕಡೆ ತಾವೇ ಗೀಟು ಎಳೆಯುವರು. "ಹೇಳಾಕ ಬರಲಾರದ್ದು ನನಗೂ ತಿಳಿದಿಲ್ಲ, ಆಯಿ" ಎನ್ನುವರು. ದೊಡ್ಡ ಮಾತು ಬಂದರೆ ನಾನು ಆಕಳಿಸುತ್ತಿದ್ದೆ. ಅದಕ್ಕೂ ಗೀಟು. ಒಂದು ಪುಟದಲ್ಲಿ ಈ ಜ್ವರವನ್ನು ತಾಲೂಕಿನಿಂದಲೇ ಓಡಿಸುತ್ತೇವೆ ಎಂದಿತ್ತು. ಕುರಿಯನ್ನೂ ಓಡಿಸುತ್ತೀರೇನು ಎಂದು ಕೇಳಿದೆ. ನಕ್ಕು ಅದನ್ನೂ ಹೊಡೆದು ಹಾಕಿ, ಸೂಜಿ ಕಡಿಮೆ ಮಾಡಬಹುದೇ ಎಂಬ ಒಂದೇ ಪ್ರಶ್ನೆ ಉಳಿಸಿಕೊಂಡರು.

ಒಪ್ಪಿಗೆಯ ಕಾಗದವನ್ನು ಓದಿ ನೋಡಲು ಸೋನ್ಯಾಳದ ಹೊಲದಲ್ಲಿದ್ದ ನಮ್ಮವರ ದಡ್ಡಿಗೆ ಹೋದೆವು. ಭಾವನೂ ಅಲ್ಲೇ ಇದ್ದರು. ಚಹಾ ಆಯಿತು. ಡಾಕ್ಟರಬಾಯಿ ಓದಲು ಹಿಡಿದರು. ಒಂದೊಂದು ಸಾಲಿಗೂ "ಹೂಂರಿ". ನಮ್ಮಲ್ಲಿ ದೊಡ್ಡವರಿಗೆ, ಬಂದವರಿಗೆ ಮುಖದ ಮೇಲೆ ಇಲ್ಲ ಅನ್ನುವ ಪದ್ಧತಿ ಇಲ್ಲ. ಹೂಂ ಅಂದು ಕಳಿಸಿ, ಆಮೇಲೆ ತಮಗೆ ತಿಳಿದಂತೆ ಮಾಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರಬಾಯಿ ತಲೆ ಎತ್ತದೆ, ಅದೇ ದನಿಯಲ್ಲಿ, "ಮತ್ತ ಈ ಕುರಿ ಎಲ್ಲಾ ನಾಳಿ ನಾ ನಮ್ಮ ಮನಿಗಿ ಹೊಡ್ಕೊಂಡು ಹೋಗ್ತೀನಿ" ಅಂದರು.

"ಹೂಂರಿ ಬಾಯಾರ" ಅಂದರು ಭಾವ.

ಒಂದು ಗಳಿಗೆ ಬಿಟ್ಟು ಎಲ್ಲರೂ ನಕ್ಕರು. ಭಾವನೂ ನಕ್ಕು, "ನಾಯಿನೂ ಒಯ್ಯಿರಿ, ಭಾಳ ತಿಂತೈತಿ" ಅಂದರು. ಡಾಕ್ಟರಬಾಯಿ ನಗಲಿಲ್ಲ. ಕಾಗದ ಮಡಚಿದರು. ಊರು ಹತ್ತಿರ ಬಂದಾಗ, "ಪ್ರಸ್ತಾವ ತಿರುಗಿ ಕಳಿಸಿದಾವರು ಕೇಳಿದ್ದು ಖರೇ ಐತಿ, ಆಯಿ. ಈ ಹೂಂ ತಗೊಂಡು ನಾ ಯಾರಿಗೂ ಸೂಜಿ ಚುಚ್ಚಬಾರದು" ಅಂದರು.

ಬೇರೆಯವರಾಗಿದ್ದರೆ ಇದನ್ನು ಮುಚ್ಚಿಟ್ಟು ಚೆಂದದ ಮಾತು ಬರೆಯುತ್ತಿದ್ದರು. ಇವರು ಕುರಿಯ ಮಾತನ್ನೇ ಪ್ರಸ್ತಾವದಲ್ಲಿ ಬರೆದರು. ಅದರ ಕೆಳಗೆ ಬರೆದದ್ದು ಇಷ್ಟು: ಕೇಳಿದ ದಿನವೇ ಒಪ್ಪಿಗೆ ತೆಗೆದುಕೊಳ್ಳುವುದಿಲ್ಲ. ಮರುದಿನ ದವಾಖಾನೆಯವರಲ್ಲದ ಒಬ್ಬರು ಹೋಗಿ, ಏನು ತಿಳಿಯಿತು ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳಬೇಕು. ಒಲ್ಲೆ ಅಂದವರಿಗೂ ಹಳೆಯ ಪದ್ಧತಿಯ ಸೂಜಿ ಒಂದೂ ತಪ್ಪಬಾರದು. ದವಾಖಾನೆಯವರಲ್ಲದ ಆ ಒಬ್ಬರು ನಾನು. ಊರಲ್ಲಿ ಇಷ್ಟು ಮಂದಿ ಇರುವಾಗ ನಾನೇ ಯಾಕೆ ಎಂದು ಕೇಳಿದ್ದಕ್ಕೆ, "ನಿಮ್ಮ ನಾಲಿಗಿಗಿ ಹೂಂ ಅನ್ನಾಕ ಬರಂಗಿಲ್ಲ" ಅಂದರು.

ಈ ಸಲ ಪ್ರಸ್ತಾವ ಪಾಸಾಯಿತು. ಅನುದಾನದವರು ಅವರನ್ನು ಪುಣೆಯಲ್ಲಿ ಕೂರಿಸಿ ಕುರಿಯ ಮಾತಿನ ಬಗ್ಗೆಯೇ ಹೆಚ್ಚು ಕೇಳಿದರಂತೆ.

ಕೆಲಸ ಶುರುವಾದ ಮೇಲೆ ಆ ಜ್ವರ ನನಗೇ ಬಂತು. ಡಾಕ್ಟರಬಾಯಿ ಬಂದು ಕಾಗದ ಓದಿದರು. ನನಗೆ ಬಾಯಿಪಾಠ ಇದ್ದದ್ದನ್ನೇ, ಒಂದು ಸಾಲೂ ಬಿಡದೆ. ನಾನೇ ರೋಗಿ ಆದದ್ದರಿಂದ ಮರುದಿನ ಕೇಳಲು ಪಕ್ಕದ ಮನೆಯ ಶಿಕ್ಷಕಿಯನ್ನು ಕರೆತಂದರು.

"ಚೀಟಿ ಎತ್ತಿ ಔಷಧ ತಗೊಳ್ಳೂದು ನನಗ ಸೇರಂಗಿಲ್ಲ. ಒಲ್ಲೆ" ಅಂದೆ.

ಅವರ ಕೆಲಸಕ್ಕೆ ಒಬ್ಬೊಬ್ಬರೂ ಬೇಕಾಗಿತ್ತು. ಮುಖ ಸಣ್ಣದಾಯಿತು, ನಾನು ನೋಡಿದೆ. ನೋಡಿಯೂ ಮಾತು ಬದಲಿಸಲಿಲ್ಲ. ಅವರೂ ಯಾಕೆ ಎಂದು ಕೇಳಲಿಲ್ಲ. ಕಾಗದ ಚೀಲಕ್ಕೆ ಹಾಕಿ ಸೂಜಿ ತೆಗೆದರು.

"ಹಂಗಾದ್ರ ಹಳೇ ಪದ್ಧತಿ. ಈ ಕಡಿ ಹೊಳ್ಳ್ರಿ, ಆಯಿ."

ಅಂದಿನಿಂದ ದಿನಾ ಸ್ಕೂಟರಿನ ಸಪ್ಪಳ. ನರ್ಸನ್ನು ಕಳಿಸಬಹುದಿತ್ತು, ಆಕೆ ಗಾಡಿಯಲ್ಲಿ ದಡ್ಡಿಗಳಿಗೆ ಹೋಗುತ್ತಾಳೆ ಎಂದು ತಾವೇ ಬಂದರು. ಒಂದು ದಿನ ಅವರಿಗೇ ಮೈ ನೆಟ್ಟಗಿರಲಿಲ್ಲ. ಕಟ್ಟೆ ಹತ್ತಲು ಕಂಬ ಹಿಡಿದರು. ನಾಳೆ ಬರಬೇಡಿ, ಒಂದು ಸೂಜಿ ತಪ್ಪಿದರೆ ನಾನೇನೂ ಸಾಯುವುದಿಲ್ಲ ಅಂದೆ.

"ಒಂದೂ ತಪ್ಪಬಾರದು ಅಂತ ಬರದೀನಲ್ಲ" ಅಂದರು. ಮರುದಿನವೂ ಬಂದರು.

ನನ್ನ ಸೊಂಟ ನೆಟ್ಟಗಿದೆ. ಅವರು ಹೋದ ವರ್ಷ ಎದೆಬಡಿತ ನಿಂತು ತೀರಿಕೊಂಡರು. ಹೊಸ ಪದ್ಧತಿ ಸಾಲುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಸಾಲುವುದಿಲ್ಲ ಎಂದು ತಿಳಿದರೂ ತಿಳಿದದ್ದೇ ಎಂದು ಅವರೇ ಹೇಳುತ್ತಿದ್ದರು.

ಈಗ ಅವರ ಜಾಗದಲ್ಲಿ ಹೊಸ ಡಾಕ್ಟರ ಬಂದಿದ್ದಾನೆ. ಅವನು ಓದಿದ ಮರುದಿನ ನಾನು ಹೋಗಿ ಕೇಳುತ್ತೇನೆ, ಸೂಜಿಯ ಡಬ್ಬಿ ಹಿಡಿದು ಅವನೂ ಜೊತೆಗೆ ಬರುತ್ತಾನೆ. ಮೊನ್ನೆ ಡಫಳಾಪುರದ ಹತ್ತಿರದ ದಡ್ಡಿಯಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು, ಜ್ವರದ ಮೈ, ನೆಲ ನೋಡುತ್ತ, "ನಾ ಒಲ್ಲೆರಿ" ಅಂದಳು. ಅತ್ತೆ ಬೈಯಲು ಬಾಯಿ ತೆರೆದಳು. ಡಾಕ್ಟರ ನನ್ನ ಮುಖ ನೋಡಿದ.

"ಹಳೇ ಪದ್ಧತಿ" ಅಂದು ನಾನು ಸೂಜಿಯ ಡಬ್ಬಿಯನ್ನು ಅವನ ಕಡೆಗೆ ಸರಿಸಿದೆ.